ಎಮ್ಮೆಯ ಮಾತು ಕೇಳಿದ ಬಾಯಾರು

ಬಾಯಾರು ಹೋದ ಸುದ್ದಿ ನನಗೆ ಮುಟ್ಟಿದ್ದು ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ. ಬೆಳಗಿನ ಹತ್ತು ಗಂಟೆ. ಕಾಗವಾಡದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅವರ ತಂಗಿ ನಿಪ್ಪಾಣಿಯಿಂದ ಫೋನ್ ಮಾಡಿ, 'ಅಕ್ಕ ಹೋದಳ್ರಿ. ಚಾ ಕುಡದು ಕಪ್ಪ ಕೆಳಗ ಇಟ್ಟಾಕಿ ಹಂಗ ಒಂದ ಕಡೆ ವಾಲಿದಳು' ಎಂದರು. 'ಯಾವ ಅಕ್ಕ?' ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ. ನಾಲ್ಕು ದಿನದ ಹಿಂದಷ್ಟೇ ಬಾಯಾರು ನನಗೆ ಫೋನ್ ಮಾಡಿ, ನಾನು ಬರೆದ ಒಂದು ವರದಿಯಲ್ಲಿ ದಶಾಂಶ ಬಿಂದು ಒಂದು ಮನೆ ಆಚೆ ಬಿದ್ದಿದೆ ಎಂದು ಹತ್ತು ನಿಮಿಷ ಬೈದಿದ್ದರು. ಅಷ್ಟು ಗಟ್ಟಿಯಾಗಿ ಬೈದವರು ನಾಲ್ಕು ದಿನದಲ್ಲಿ ಸಾಯುತ್ತಾರೆ ಎಂದರೆ ಹೇಗೆ ನಂಬುವುದು? ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಚಿಕ್ಕೋಡಿಯಲ್ಲಿ ನಮ್ಮದೊಂದು ಸಣ್ಣ ಖಾಸಗಿ ಪ್ರಯೋಗಾಲಯ. ಕಬ್ಬಿನ ಹೊಲದ ಮಣ್ಣು, ಬೋರಿನ ನೀರು, ಡೇರಿಯ ಹಾಲು, ಯಾರು ಏನು ತಂದರೂ ಪರೀಕ್ಷಿಸಿ ಚೀಟಿ ಕೊಡುವ ಜಾಗ. ಬಾಯಾರು ಅಲ್ಲಿ ಮುಖ್ಯ ರಸಾಯನ ತಜ್ಞರು. ನಾನು ಊರೂರಿಗೆ ಹೋಗಿ ಮಾದರಿ ತರುವವನು. ಅವರಿಗೆ ಒಂದು ಹೆಸರಿತ್ತು, ಬಾಗಿಲಿನ ಫಲಕದ ಮೇಲೂ ಅದು ಇತ್ತು. ಆದರೆ ಮಾಲಕರಿಂದ ಹಿಡಿದು ಎದುರಿನ ಚಹಾದ ಅಂಗಡಿಯವರೆಗೆ ಎಲ್ಲರೂ, ಅಮ್ಮನವರು ಎನ್ನುವ ಹಾಗೆ, ಬಾಯಾರು ಎಂದೇ ಕರೆಯುತ್ತಿದ್ದರು.

ಕುಳ್ಳಗೆ, ತೆಳ್ಳಗೆ ಇದ್ದರು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಎಡಗೈಗೆ ಅಪ್ಪನ ದೊಡ್ಡ ಗಡಿಯಾರ. ಅದು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಾಡುತ್ತಿತ್ತು. ಮನುಷ್ಯರೊಡನೆ ಕನ್ನಡ ಮಾತಾಡುತ್ತಿದ್ದ ಅವರು ಯಂತ್ರಗಳಿಗೆ ಮಾತ್ರ ಮರಾಠಿಯಲ್ಲಿ ಬೈಯುತ್ತಿದ್ದರು. ಅಳತೆಯ ಯಂತ್ರ ಹಟ ಹಿಡಿದು ನಿಂತರೆ 'ಅರೆ ಮೇಲ್ಯಾ', ಎಲೋ ಸತ್ತವನೇ, ಎಂದು ಅದರ ಬೆನ್ನಿಗೆ ಒಂದು ಏಟು. 'ಕನ್ನಡದಾಗ ಬೈದ್ರ ಅದಕ್ಕ ಅಂಜಿಕಿ ಆಗಂಗಿಲ್ಲ, ಪ್ರೀತಿ ಮಾಡಾಕತ್ತಾರ ಅನಸತೈತಿ' ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ದಿನ ಅವರು ಕಲಿಸಿದ್ದು ಒಂದೇ ಪಾಠ. ಹೆಬ್ಬೆರಳಿನಷ್ಟು ಗಾಜಿನ ಬಾಟಲಿಗೆ ನೀರು ತುಂಬಿ, ಬಾಯಿಯ ಮೇಲೆ ನೀರು ಉಬ್ಬಿ ನಿಂತಾಗ ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆಳಕಿಗೆ ಹಿಡಿದರು. 'ಒಳಗ ಗುಳ್ಳಿ ಕಾಣತೈತೇನ ನೋಡು. ಪೆಟ್ರೋಲ್ ಕೂಡಿದ ನೀರಂದ್ರ ಅತ್ತರ ಇದ್ದಂಗ. ಜರಾ ಜಾಗಾ ಸಿಕ್ರ ಸಾಕು, ನೀರ ಬಿಟ್ಟು ಗಾಳಿಗೆ ಹೋಗತೈತಿ. ಬಿಸಲಾಗ ಇಟ್ರಂತೂ ಮುಗದ ಹೋತು. ಆಮ್ಯಾಲೆ ಮಶೀನ್ ಏನೂ ಇಲ್ಲ ಅಂತ ಹೇಳತೈತಿ. ಗುಳ್ಳಿ ಇದ್ರ ಅದು ನೀರಲ್ಲ, ಸುಳ್ಳು. ಐಸಿನ ಡಬ್ಬಿ ಬಿಟ್ಟು ಹೊರಗ ಇಟ್ರೂ ಸುಳ್ಳು.' ನಾನು ಬಾಟಲಿಯನ್ನು ಮೂಸಲು ಹೋದಾಗ ಕೈ ಮೇಲೆ ಹೊಡೆದರು. 'ಮೂಗು ಮೀಟರ್ ಅಲ್ಲ. ಮೂಸಬ್ಯಾಡ, ಅಳಿ.'

ರಾಯಬಾಗದಿಂದ ಚಿಂಚಲಿಯ ಕಡೆ ಹೋಗುವ ಸೀಮೆಯಲ್ಲಿ ಒಂದು ಊರು. ಊರ ಹೊರಗಿನ ಏರಿನ ಮೇಲೆ ಮುಚ್ಚಿಹೋದ ಒಂದು ಪೆಟ್ರೋಲ್ ಪಂಪು. ನೆಲದಡಿಯ ಟಾಕಿ ತುಕ್ಕು ತಿಂದು ಎಷ್ಟೋ ವರ್ಷಗಳಿಂದ ಸೋರಿತ್ತು, ಯಾರಿಗೂ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಒಂದು ಕುಟುಂಬದ ತೆರೆದ ಬಾವಿ. ಒಬ್ಬ ಮುದುಕಿ, ಅವಳ ಮಗ, ಸೊಸೆ, ಆರು ವರ್ಷದ ಮೊಮ್ಮಗಳು, ಮೂರು ಎಮ್ಮೆ. ಒಂದು ಮುಂಜಾನೆ ಮಗ ಬಾವಿಯ ಬಾಯಿಯ ಹತ್ತಿರವಿದ್ದ ಸ್ಟಾರ್ಟರ್ ಡಬ್ಬಿಯ ಗುಂಡಿ ಒತ್ತಿದ. ಕಿಡಿ ಹಾರಿತು, ಬಾವಿ 'ಭಗ್' ಎಂದಿತು. ಹುಬ್ಬು, ಮೀಸೆ ಎರಡೂ ಸುಟ್ಟುಹೋಗಿ ಮುಖವೆಲ್ಲ ಬೊಬ್ಬೆ. ನೀರಿಗೆ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡ ಮುದುಕಿ ಮೂರು ದಿನ ಮಾತಾಡಲಿಲ್ಲವಂತೆ.

ಸರಕಾರದ ಒಂದು ಕಚೇರಿ ನಮಗೆ ಕೆಲಸ ವಹಿಸಿತು. ಈ ಮಣ್ಣು, ಈ ನೀರು ಸ್ವಚ್ಛ ಮಾಡಲು ಯಾವ ವಿಧಾನ ನಡೆಯುತ್ತದೆ ಎಂದು ಪರೀಕ್ಷೆ ಮಾಡಿ ಹೇಳಬೇಕು. ಅಥಣಿ ಮತ್ತು ಕಾಗವಾಡದ ಕಡೆ ಇಂಥವೇ ಎರಡು ಜಾಗ ಸರದಿಯಲ್ಲಿದ್ದವು. ಇಲ್ಲಿ ಗೆದ್ದ ವಿಧಾನವೇ ಅಲ್ಲಿಗೂ ಹೋಗುವುದಿತ್ತು.

ಮೊದಲ ದಿನ ಅಂಗಳದಲ್ಲಿ ಕೂತಾಗ ಮುದುಕಿ ಬಾಯಾರನ್ನು ಕೇಳಿದಳು, 'ನೀವು ಯಾವ ಪೈಕಿರಿ?'

'ಬೌದ್ಧರು. ನಮ್ಮಪ್ಪ ಇದೇ ತಾಲೂಕಿನಾಗ ಹೊಲದ ಕೂಲಿ ಮಾಡಿದಾಂವ.'

ಒಳಗಿನಿಂದ ಚಹಾ ಬಂತು. ನನಗೆ ಸ್ಟೀಲ್ ಲೋಟದಲ್ಲಿ, ಅವರಿಗೆ ಕಾಗದದ ಕಪ್ಪಿನಲ್ಲಿ. ಅವರು ಆರಾಮವಾಗಿ ಕುಡಿದು, ಕಪ್ಪನ್ನು ಮಡಚಿ ಚೀಲದಲ್ಲಿ ಹಾಕಿಕೊಂಡರು. ಹೊರಗೆ ಬಂದ ಮೇಲೆ ನಾನು ಏನೋ ಹೇಳಲು ಹೋದೆ. 'ಸುಮ್ಮನ ನಡಿ. ನಾವು ಬಂದದ್ದು ಬಾವಿ ನೋಡಾಕ' ಎಂದರು. ಅವರಿಗೂ ಸ್ಟೀಲ್ ಲೋಟ ಎಂದಿನಿಂದ ಬರತೊಡಗಿತೋ ನೆನಪಿಲ್ಲ. ಬಂದ ದಿನವೂ ಅವರು ಏನೂ ಅನ್ನದೆ ಕುಡಿದರು.

ಮೂರು ವಿಧಾನಗಳನ್ನು ಮೂರು ಕಡೆ ಹೂಡಿದರು. ಒಂದು, ಟಾಕಿಯ ಸುತ್ತಲಿನ ಕೆಟ್ಟ ಮಣ್ಣು ಸ್ವಲ್ಪ ಅಗೆದು ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಕುಪ್ಪೆ ಹಾಕಿ, ಸೆಗಣಿ ಕೂಡಿಸಿ, ನೀರು ಚಿಮುಕಿಸಿ, ವಾರಕ್ಕೊಮ್ಮೆ ತಿರುವಿ ಹಾಕುವುದು. ಎರಡು, ನೆಲಕ್ಕೆ ಪೈಪು ಇಳಿಸಿ ಮಣ್ಣಿನೊಳಗಿನ ಪೆಟ್ರೋಲಿನ ಆವಿಯನ್ನು ಯಂತ್ರದಿಂದ ಎಳೆಯುವುದು. ಮೂರು, ಬಾವಿಯ ನೀರನ್ನು ಪಂಪಿನಿಂದ ಎತ್ತಿ, ಗಾಳಿಯಾಡಿಸಿ, ಇದ್ದಿಲಿನಲ್ಲಿ ಸೋಸಿ ಮತ್ತೆ ನೆಲಕ್ಕೆ ಬಿಡುವುದು.

ಊರಿನವರಿಗೆ ತಿಳಿಸಿ ಹೇಳುವಾಗ ಅವರ ಮುಂದೆ ನಿಂತದ್ದು ರಸಾಯನ ತಜ್ಞೆಯಲ್ಲ, ರೊಟ್ಟಿ ಬಡಿದ ಹೆಂಗಸು. 'ಹಿಟ್ಟಿನಾಗ ಎಣ್ಣಿ ಹಾಕಿ ನಾದಿದ ಮ್ಯಾಲೆ ನೀರಾಗ ತೊಳದ್ರ ಎಣ್ಣಿ ಹೋಗತೈತೇನ್ರಿ? ಹೋಗಂಗಿಲ್ಲ. ನಿಮ್ಮ ಕರಿ ಎರಿ ಮಣ್ಣು ಹಂಗ. ಮಳಿ ಬಂದ್ರ ಉಬ್ಬಿ ಗಾಳಿ ಹೋಗೂ ಹಾದಿ ಮುಚ್ಚತೈತಿ. ಅದರ ಕೆಳಗ ಬಂಡಿಗಲ್ಲು, ಕಲ್ಲಿನೊಳಗ ಸೀಳು. ಎಣ್ಣಿ ಯಾವ ಸೀಳಿನಾಗ ಕುಂತೈತಿ ಅಂತ ನನಗೂ ಗೊತ್ತಿಲ್ಲ, ನಿಮ್ಮ ದೇವರಿಗೂ ಗೊತ್ತಿಲ್ಲ.'

'ಮತ್ತ ಸೆಗಣಿ ಯಾಕ್ರಿ?' ಎಂದು ಮಗ ಕೇಳಿದ. ಅವನ ಹುಬ್ಬು ಆಗಷ್ಟೇ ಮೊಳೆಯುತ್ತಿತ್ತು.

'ಎಣ್ಣಿ ತಿನ್ನು ಜೀವ ಮಣ್ಣಿನಾಗ ಅದಾವ, ಕಣ್ಣಿಗೆ ಕಾಣಂಗಿಲ್ಲ. ಅವಕ್ಕ ಊಟಾ ಬೇಕು, ಉಸರು ಬೇಕು. ಸೆಗಣಿ ಊಟಾ, ತಿರುವಿ ಹಾಕೂದು ಉಸರು.'

ಎರಡನೆಯ ವಿಧಾನ ಮೊದಲ ಮಳೆಗೇ ಸೋತಿತು. ಪೈಪಿನಿಂದ ಆವಿಯ ಬದಲು ಕೆಸರು ಬಂತು. ಮೊದಲನೆಯದು ನಿಧಾನ. ಮೂರನೆಯದು ಮಾತ್ರ ತಿಂಗಳಿಂದ ತಿಂಗಳಿಗೆ ಒಳ್ಳೆಯ ಅಂಕಿ ಕೊಟ್ಟಿತು. ಪಂಪು ನಿಲ್ಲಿಸಿದ ಮೇಲೆ ಒಂದು ಕೊನೆಯ ಮಾದರಿ ಬೇಕಿತ್ತು. ಅದನ್ನು ತರಲು ಹೋದವನು ನಾನು.

ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಅಂದು ರಾಯಬಾಗದಲ್ಲಿ ನನ್ನ ಗೆಳೆಯನ ನಿಶ್ಚಿತಾರ್ಥ. ಬೆಳಿಗ್ಗೆ ಮಾದರಿ ತುಂಬಿಕೊಂಡು, ಹಾದಿಯಲ್ಲಿ ಒಂದು ತಾಸು ಕೂತು ಹೋಗೋಣವೆಂದು ಅಲ್ಲಿಗೆ ಹೋದೆ. ಊಟ ಮೂರು ತಾಸಾಯಿತು. ಗಾಡಿ ಬಿಸಿಲಲ್ಲಿ ನಿಂತಿತ್ತು. ಬಂದು ಡಬ್ಬಿ ತೆರೆದರೆ ಐಸೆಲ್ಲ ಕರಗಿ ನೀರು ಬಿಸಿಯಾಗಿತ್ತು. ಬಾಟಲಿಯನ್ನು ತಲೆಕೆಳಗು ಮಾಡಿದೆ. ಜೋಳದ ಕಾಳಿನಷ್ಟು ಗುಳ್ಳೆ ಮೇಲೇರಿತು. ತಿರುಗಿ ಹೋಗಿ ಹೊಸ ಮಾದರಿ ತರಬಹುದಿತ್ತು, ಇನ್ನೂ ಹೊತ್ತಿತ್ತು. ಅಂಗಡಿಯಿಂದ ಹೊಸ ಐಸು ಕೊಂಡು ಡಬ್ಬಿಗೆ ಸುರಿದು ಚಿಕ್ಕೋಡಿಗೆ ಬಂದುಬಿಟ್ಟೆ.

ಫಲಿತಾಂಶ ಬಂತು: ಪೆಟ್ರೋಲಿನ ವಿಷವಾದ ಬೆಂಝೀನ್ ನೀರಿನಲ್ಲಿ ಪತ್ತೆಯಾಗಿಲ್ಲ. ಮಾಲಕರು ಪೇಡೆ ಹಂಚಿದರು. ವರದಿ ಹೋಯಿತು. ಮುದುಕಿಯ ಮನೆಯವರು ಬಾವಿಗೆ ಪೂಜೆ ಮಾಡಿ ನೀರು ಸೇದತೊಡಗಿದರು. ನನ್ನೊಳಗೊಂದು ದನಿ ಹೇಳುತ್ತಿತ್ತು: ಹೇಗಿದ್ದರೂ ನೀರು ಸ್ವಚ್ಛವಾಗುತ್ತಲೇ ಇತ್ತಲ್ಲ, ಇದೂ ಸರಿಯೇ ಇರಬೇಕು.

ಹದಿನೈದು ದಿನಕ್ಕೆ ಮುದುಕಿಯ ಫೋನು ಬಂತು. ಬಾಯಾರು ಎಲ್ಲರಿಗೂ ಕೇಳುವಂತೆ ಇಟ್ಟರು.

'ಬಾಯಾರ, ಎಮ್ಮಿ ನೀರ ಮುಟ್ಟವಲ್ದು. ಮೂರೂ ಮಾರಿ ತಿರವತಾವ. ಹಳ್ಳದ ನೀರ ಕೊಟ್ರ ಗಟಗಟ ಕುಡಿತಾವ.'

ಮಾಲಕರು ನಕ್ಕರು. 'ಎಮ್ಮಿ ಮಾತ ಕೇಳಿ ವರದಿ ಬರಿಯೂಣೇನ್ರಿ ಬಾಯಾರ?'

ಬಾಯಾರು ನಗಲಿಲ್ಲ. ಆಗಲೇ ಎದ್ದು ಬೂಟಿನ ದಾರ ಕಟ್ಟುತ್ತಿದ್ದರು. ಮೂಗು ಮೀಟರ್ ಅಲ್ಲ ಎಂದು ನನ್ನ ಕೈಗೆ ಹೊಡೆದವರು ಎಮ್ಮೆಯ ಮೂಗಿಗೆ ಬೆಲೆ ಕೊಟ್ಟು ಹನ್ನೊಂದೂವರೆಯ ಬಸ್ಸು ಹತ್ತಿದರು. ತಾವೇ ಮಾದರಿ ತುಂಬಿದರು, ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಮರುದಿನ ಯಂತ್ರ ಅಂಕಿ ಕೊಟ್ಟಿತು. ಕುಡಿಯುವ ನೀರಿನ ಮಿತಿ ಎಲ್ಲಿಯೋ, ಆ ಅಂಕಿ ಎಲ್ಲಿಯೋ. ಅವರು ಯಂತ್ರಕ್ಕೆ ಬೈಯಲಿಲ್ಲ. ಎರಡನೆಯ ಬಾಟಲಿ ಹಾಕಿದರು. ಅದೇ ಅಂಕಿ. ಕುರ್ಚಿಯ ಮೇಲೆ ಕೂತು ಎರಡೂ ಅಂಕಿಗಳನ್ನು ವಹಿಯಲ್ಲಿ ಬರೆದರು.

ಆಮೇಲೆ ನನ್ನ ಕಡೆ ತಿರುಗಿ, 'ಆವತ್ತ ಐಸ್ ಎಷ್ಟ ತಗೊಂಡಿದ್ದಿ?' ಎಂದರು.

'ಡಬ್ಬಿ ತುಂಬ ತಗೊಂಡಿದ್ನಿರಿ.'

ಸುಳ್ಳಲ್ಲ. ನಿಜವೂ ಅಲ್ಲ.

'ಹೂಂ' ಎಂದರು.

ಆ ಉತ್ತರದ ಬೆಲೆ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾವಿ ಒಮ್ಮೆ ನಿಜಕ್ಕೂ ಸ್ವಚ್ಛವಾಗಿ, ಪಂಪು ನಿಂತ ಮೇಲೆ ಬಂಡೆಯ ಸೀಳಿನಿಂದ ಎಣ್ಣೆ ಇಳಿದು ಮತ್ತೆ ಕೆಟ್ಟಿತೋ? ಅಥವಾ ಸ್ವಚ್ಛವಾಗಿಯೇ ಇರಲಿಲ್ಲವೋ? ಮೊದಲನೆಯದಾದರೆ ಪಂಪನ್ನು ಇನ್ನಷ್ಟು ದಿನ ಓಡಿಸಬೇಕು. ಎರಡನೆಯದಾದರೆ ಈ ವಿಧಾನ ಒಂದನ್ನೇ ನಂಬಿ ಕೂರುವಂತಿಲ್ಲ. ಅಥಣಿ, ಕಾಗವಾಡದವರು ಯಾವ ದಾರಿ ಹಿಡಿಯಬೇಕೆಂಬುದು ಆ ಒಂದು ಬಾಟಲಿಯ ಮೇಲೆ ನಿಂತಿತ್ತು. ನಾನು ಬಾಯಿ ಬಿಟ್ಟಿದ್ದರೆ ಒಂದು ನಿಮಿಷದ ಕೆಲಸ.

ಮಾಲಕರು ಬಾಗಿಲು ಹಾಕಿಕೊಂಡು ಅವರೊಡನೆ ಕೂಗಾಡಿದರು. 'ವರದಿ ಕೊಟ್ಟಾಗೈತಿ. ಈಗ ತಿರಗಿ ತಗೊಂಡ್ರ ನಮ್ಮ ಮರ್ಯಾದಿ?'

'ಆ ಕೂಸು ಕುಡಿಯಾಕತ್ತೈತ್ರಿ' ಎಂದಷ್ಟೇ ಬಾಯಾರು ಹೇಳಿದ್ದು ನನಗೆ ಹೊರಗೆ ಕೇಳಿಸಿತು.

ಆ ಸಂಜೆಯೇ ಬಾವಿಗೆ ಮುಳ್ಳು ಹಾಕಿಸಿದರು; ಮರುದಿನದಿಂದ ಟ್ಯಾಂಕರ್ ಬರುವಂತೆ ಮಾಡಿದರು. ನಾಲ್ಕನೆಯ ದಿನ ಪಂಚಾಯ್ತಿಯ ಸಭೆ. ಊರೇ ನೆರೆದಿತ್ತು. ಬಾಯಾರು ಎದ್ದು ನಿಂತರು. ಗಡಿಯಾರ ಮಣಿಕಟ್ಟಿಗೆ ಜಾರಿತು, ಮೇಲೆ ತಳ್ಳಿಕೊಂಡರು.

'ನಾವು ಕೊಟ್ಟ ವರದಿ ತಪ್ಪೈತ್ರಿ. ಬಾವಿ ನೀರು ಸ್ವಚ್ಛ ಆಗಿಲ್ಲ. ಯಾರೂ ಕುಡಿಬ್ಯಾಡ್ರಿ.'

ಅವರು ಮೇಜಿನ ಮೇಲಿನ ಗ್ಲಾಸು ತೆಗೆದು ಒಂದು ಗುಟುಕು ನೀರು ಕುಡಿದರು. ಗ್ಲಾಸನ್ನು ನಿಧಾನ ಕೆಳಗಿಟ್ಟರು. ನಾನು ಮೂರನೆಯ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದೆ.

'ತಪ್ಪು ನಂದು' ಎಂದರು. 'ಮತ್ತ ಮೊದಲಿನಿಂದ ಪರೀಕ್ಷೆ ಮಾಡತೀನಿ. ವರ್ಷ ಹಿಡೀತೈತಿ.'

ಮುದುಕಿ ಎದ್ದು ಅವರ ಮುಂದೆ ಹೋಗಿ ನಿಂತಳು. 'ನನ್ನ ಮೊಮ್ಮಗಳು ಹದಿನೈದ ದಿನಾ ಕುಡದಾಳಲ್ಲಬೇ. ನಿನ್ನ ಚೀಟಿ ನಂಬಿ ಕುಡದಾಳ. ನಿನಗ ಮಕ್ಕಳದಾವೋ ಇಲ್ಲೋ?' ಬಾಯಾರಿಗೆ ಮಕ್ಕಳಿರಲಿಲ್ಲ. ಹಿಂದಿನಿಂದ ಯಾರೋ, 'ಇಂಥವರ ಕೈಯಾಗ ನೀರ ಕೊಟ್ರ ಇನ್ನೇನ ಆದೀತು' ಎಂದರು. ಇಂಥವರು ಎಂದರೆ ಎಂಥವರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೈಗುಳ ಬೀಳುತ್ತಲೇ ಇದ್ದವು. ಬಾಯಾರು ಕೂರಲಿಲ್ಲ. ಕೊನೆಯವನು ಬೈದು ಮುಗಿಸುವ ತನಕ ನಿಂತೇ ಇದ್ದರು.

ಬಾಗಿಲಿನ ಫಲಕದಿಂದ ಮಾಲಕರು ಅವರ ಹೆಸರು ತೆಗೆಸಿದರು. ಮುಖ್ಯಸ್ಥರ ಕುರ್ಚಿ ಹೋಯಿತು, ಕೆಲಸ ಉಳಿಯಿತು. ಮೊಮ್ಮಗಳನ್ನು ಬೆಳಗಾವಿಗೆ ಕರೆದೊಯ್ದು ತೋರಿಸಿದ್ದೂ ಅವರೇ. ಸದ್ಯಕ್ಕೆ ಏನೂ ಕಾಣುವುದಿಲ್ಲ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಿ ಎಂದರು ಡಾಕ್ಟರು. ಅದನ್ನು ಪ್ರತಿ ಸಲ ತಪ್ಪದೆ ಮಾಡಿಸಿದವರೂ ಬಾಯಾರೇ. ಮುದುಕಿ ಮಾತ್ರ ಅವರೊಡನೆ ಮಾತು ಬಿಟ್ಟಳು. ಮಗುವನ್ನು ಸೊಸೆಯ ಕೈಯಲ್ಲಿ ಕಳಿಸುತ್ತಿದ್ದಳು.

ಎರಡನೆಯ ವರ್ಷ ಪ್ರತಿ ಮಾದರಿಗೂ ಅವರು ಬಂದರು, ನನ್ನನ್ನೂ ಕರೆತಂದರು. ಪಂಪು ಓಡುವಷ್ಟು ದಿನ ಅಂಕಿ ಇಳಿಯುತ್ತಿತ್ತು, ಆದರೆ ಒಂದು ತಿಂಗಳೂ ಸೊನ್ನೆಗೆ ಬರಲಿಲ್ಲ; ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ಏರಿನ ಮೇಲಿನ ಕೆಟ್ಟ ಮಣ್ಣನ್ನೆಲ್ಲ ಅಗೆದು ಸೆಗಣಿಯ ಕುಪ್ಪೆಗೆ ಹಾಕಿದ ಮೇಲೆಯೇ ಬಾವಿ ಸುಧಾರಿಸಿದ್ದು. ಮೂಲ ತೆಗೆಯದೆ ನೀರು ಸೋಸಿ ಫಲವಿಲ್ಲ. ಎರಡನ್ನೂ ಕೂಡಿಸಿ ಮಾಡಬೇಕು, ಎರೆ ಮಣ್ಣಿನಲ್ಲಿ ಆವಿ ಎಳೆಯುವ ಯಂತ್ರ ನಡೆಯುವುದಿಲ್ಲ. ಅವರ ಎರಡನೆಯ ವರದಿ ಇಷ್ಟೇ. ಅಥಣಿ, ಕಾಗವಾಡದಲ್ಲಿ ಈಗ ನಡೆಯುತ್ತಿರುವುದು ಅದರ ಪ್ರಕಾರವೇ. ಅದರ ಮೇಲೆ ಅವರ ಹೆಸರಿಲ್ಲ.

ಎಮ್ಮೆಗಳು ನೀರು ಕುಡಿಯತೊಡಗಿದ ಮೇಲೂ ಅವರು ಮತ್ತೆ ಆರು ತಿಂಗಳು ಕಾದು ಒಪ್ಪಿಗೆ ಬರೆದರು.

ಅವರು ನಿವೃತ್ತರಾದ ದಿನ ಬಸ್ಸಿನವರೆಗೆ ಬಿಡಲು ನಾನೇ ಹೋದೆ. ಕೈಚೀಲ ಕೊಡುವಾಗ ಹೇಳಿಬಿಟ್ಟೆ. ನಿಶ್ಚಿತಾರ್ಥ, ಬಿಸಿಲು, ಕರಗಿದ ಐಸು, ಎಲ್ಲ. ಹೇಳಿ ಮುಗಿಸಿ, ಅವರು ಬೆನ್ನು ತಟ್ಟಿ 'ಇರಲಿ ಬಿಡಪಾ' ಎಂದಾರು ಎಂದು ಕಾದೆ. ಮನುಷ್ಯ ಎಷ್ಟು ಆಸೆಬುರುಕ ನೋಡಿ.

'ಗೊತ್ತಿತ್ತು' ಎಂದರು.

ನನ್ನ ಕೈಯಿಂದ ಚೀಲ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡರು.

'ಸಭಾದಾಗ ಒಂದು ಗುಟುಕು ನೀರು ಕುಡದೆ. ನೀರಡಿಕಿ ಆಗಿರಲಿಲ್ಲ. ನೀ ಎದ್ದು ನಿಂದರತೀಯೇನೋ ಅಂತ ತಡದೆ.'

'ಬಾಯಾರ, ನನ್ನ ಹೆಸರು ನೀವ ಹೇಳಬೇಕಾಗಿತ್ತು…'

'ನನಗ ಅನುಮಾನ ಇತ್ತು, ಪುರಾವೆ ಇರಲಿಲ್ಲ. ಪುರಾವೆ ಇಲ್ಲದ ನಾ ಯಾರ ಹೆಸರೂ ಬರಿಯಂಗಿಲ್ಲ. ಕುರ್ಚಿ ಹೋದದ್ದಕ್ಕ ನನಗ ಸಿಟ್ಟಿಲ್ಲ ತಮ್ಮಾ. ಆ ಮಂದಿ ಒಂದ ವರ್ಷ ಹೆಚ್ಚಿಗಿ ಟ್ಯಾಂಕರಿಗೆ ಕೊಡ ಹಿಡದು ನಿಂತ್ರಲ್ಲ, ಅದಕ್ಕ ಸಿಟ್ಟೈತಿ. ಅದು ಇನ್ನೂ ಹೋಗಿಲ್ಲ.'

ಬಸ್ಸು ಹತ್ತಿದರು. ಆಮೇಲೂ ನನ್ನ ವರದಿಗಳನ್ನು ತರಿಸಿಕೊಂಡು ಓದುತ್ತಿದ್ದರು, ತಿದ್ದುತ್ತಿದ್ದರು, ಬೈಯುತ್ತಿದ್ದರು. ಈ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ. ಮೂರು ವರ್ಷ ಹಾಗೇ ಹೋಯಿತು. ಆಮೇಲೆ ಬಂದದ್ದು ಅವರ ತಂಗಿಯ ಫೋನು.

ಅವರನ್ನು ಮಣ್ಣು ಮಾಡಿ ಬಂದ ಮರುದಿನ ನಾನು ಆ ಊರಿಗೆ ಹೋದೆ. ಮುದುಕಿ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಬಾಯಾರು ಹೋದರು ಎಂದೆ. 'ಹೋದಳಾ?' ಎಂದು ಮೊರವನ್ನು ಸರಿಸಿ, ಮತ್ತೆ ಹತ್ತಿರ ಎಳೆದುಕೊಂಡಳು. 'ಪಾಪ. ಮಾಡಿದ್ದು ತಪ್ಪು, ಆದ್ರ ಕೂಸಿನ ಸಲುವಾಗಿ ಓಡ್ಯಾಡಿದಳು.'

'ತಪ್ಪು ಅವರದಲ್ಲ ಆಯಿ' ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಗುಳ್ಳೆಯ ವಿಷಯವನ್ನು ಎರಡು ಸಲ ಹೇಳಬೇಕಾಯಿತು.

ಅವಳ ಬೆರಳುಗಳು ಶೇಂಗಾದ ಮೇಲೆ ನಿಂತವು. ಕಣ್ಣು ನನ್ನ ಮೇಲೆಯೇ ನೆಟ್ಟವು. ಬಾವಿಗೆ ಬೆಂಕಿ ಬಿದ್ದಾಗ ಅವಳ ಮುಖ ಹೀಗೆಯೇ ಇದ್ದಿರಬೇಕು ಎನಿಸಿತು. ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

'ಅಯ್ಯ ಶಿವನ… ಆಕಿಗೆ ಮಕ್ಕಳದಾವೋ ಇಲ್ಲೋ ಅಂತ ಕೇಳಿದ್ನೆಲ್ಲೋ' ಎಂದಳು. 'ಆಕಿ ಸಾಯೂತನಾ ಮಾತಾಡಲಿಲ್ಲಲ್ಲೋ ನಾ!'

ಆಮೇಲೆ ಮೊರ ಕೆಳಗಿಟ್ಟು, ಗೋಡೆ ಹಿಡಿದು ಎದ್ದಳು. ಚಪ್ಪಲಿ ಮೆಟ್ಟಿದಳು. ಸೆರಗು ತಲೆಯ ಮೇಲೆ ಹೊದ್ದು, 'ನಡಿ' ಎಂದಳು.

'ಎಲ್ಲಿಗೆ ಆಯಿ?'

'ಆವತ್ತ ಸಭಾದಾಗ ಯಾರ್ಯಾರು ಬೈದ್ರು, ಅವರ ಒಬ್ಬೊಬ್ಬರ ಮನಿಗೆ. ನನಗ ಹೇಳಿದಂಗ ಅವರಿಗೂ ಹೇಳಬೇಕು ನೀ. ಮೊದಲನೇ ಮನಿ ಇದ ಆತು.'

ಅವಳು ಮುಂದೆ ನಡೆದಳು.